ಗೋಧಿಗೆ ಅಲಗು, ಜೋಳಕ್ಕೆ ಅಂಗೈ

ನನ್ನ ಊರು ಡೋಣಿ ಸೀಮೆಯ ತಾಳಿಕೋಟೆ. ಸಂಸಾರ ಹೂಡಿರುವುದು ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ರಿಜೈನಾ ನಗರದಲ್ಲಿ. ಎರಡೂ ಕಡೆ ಕಣ್ಣು ಹರಿಯುವಷ್ಟೂ ಬಯಲು, ಎರಡೂ ಕಡೆ ಬದುಕು ಕಾಳಿನ ಮೇಲೆ ನಿಂತದ್ದು. ಇಲ್ಲಿ ಜೋಳ, ಅಲ್ಲಿ ಗೋಧಿ. ರಜೆಗೆ ಊರಿಗೆ ಬಂದಾಗಲೆಲ್ಲ ಹಿರಿಯರು ಒಂದು ಪ್ರಶ್ನೆ ಎತ್ತುತ್ತಾರೆ: ಬ್ರೆಡ್ಡಿನ ಹಿಟ್ಟನ್ನು ನೀನು ಫುಡ್ ಪ್ರೊಸೆಸರಿನಲ್ಲಿ ನಾದುತ್ತೀಯಂತೆ, ಅದೆಂಥ ಅಡುಗೆ? ರಿಜೈನಾದ ಕನ್ನಡದ ಗೆಳೆಯರು ಕೇಳುವುದು ಇದರ ತಿರುವು: ಬ್ರೆಡ್ಡಿಗೆ ಆಗುವ ಯಂತ್ರ ಜೋಳದ ರೊಟ್ಟಿಗೆ ಏಕೆ ಆಗಬಾರದು? ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಬ್ರೆಡ್ಡಿನ ಹಿಟ್ಟು ಆ ಯಂತ್ರದಲ್ಲಿ ಚೆನ್ನಾಗಿಯೇ ಆಗುತ್ತದೆ, ನಾಚಬೇಕಾದ್ದೇನೂ ಇಲ್ಲ. ಜೋಳದ ಹಿಟ್ಟು ಅದರಲ್ಲಿ ಹಾಳಾಗುತ್ತದೆ. ಕಾರಣ ಹುಡುಕಬೇಕಾದದ್ದು ನಮ್ಮ ಸಂಸ್ಕಾರದಲ್ಲಿ ಅಲ್ಲ, ಕಾಳಿನೊಳಗೆ.

ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಪ್ರೋಟೀನುಗಳಿವೆ. ನೀರು ಬಿದ್ದೊಡನೆ ಅವು ಒಂದನ್ನೊಂದು ಹಿಡಿದುಕೊಳ್ಳತೊಡಗುತ್ತವೆ. ಆ ಹೆಣಿಗೆಯೇ ಗ್ಲುಟೆನ್. ಈಸ್ಟ್ ಬಿಡುವ ಅನಿಲ ಅದರೊಳಗೆ ಸಿಕ್ಕಿಕೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಹೆಣಿಗೆ ಬಿಗಿಯಾಗಬೇಕಾದರೆ ಹಿಟ್ಟನ್ನು ಎಳೆಯಬೇಕು, ಮಡಚಬೇಕು, ಮತ್ತೆ ಎಳೆಯಬೇಕು. ಕೈಯಿಂದಾದರೆ ಹತ್ತು ಹದಿನೈದು ನಿಮಿಷದ ಕೆಲಸ. ಯಂತ್ರದ ಅಲಗು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಹೊಡೆಯುವುದರಿಂದ ಅಷ್ಟೇ ಶಕ್ತಿ ಒಂದು ನಿಮಿಷದೊಳಗೆ ಹಿಟ್ಟಿಗೆ ಸೇರುತ್ತದೆ. ಆ ಶಕ್ತಿ ತೋಳಿನಿಂದ ಬಂತೋ ಮೋಟಾರಿನಿಂದ ಬಂತೋ ಗೋಧಿಗೆ ಗೊತ್ತಾಗುವುದಿಲ್ಲ.

ನಾನು ಮಾಡುವ ಬಗೆ ಇದು. ದೊಡ್ಡ ಪಾತ್ರೆಯ ಯಂತ್ರಕ್ಕೆ 500 ಗ್ರಾಂ ಹಿಟ್ಟು, 10 ಗ್ರಾಂ ಉಪ್ಪು, ಒಂದು ಚಹಾ ಚಮಚ ಇನ್‌ಸ್ಟಂಟ್ ಈಸ್ಟ್. ಇದಕ್ಕಿಂತ ಹೆಚ್ಚು ಹಿಟ್ಟು ತುಂಬಿದರೆ ಮೋಟಾರು ನರಳುತ್ತದೆ. ತರಕಾರಿ ಹೆಚ್ಚುವ ಉಕ್ಕಿನ ಅಲಗನ್ನೇ ಹಾಕುತ್ತೇನೆ. ಹಿಟ್ಟಿಗೆಂದೇ ಕೊಡುವ ಪ್ಲಾಸ್ಟಿಕ್ ಅಲಗು ಅದನ್ನು ಸುತ್ತಿಸುವುದೇ ಹೆಚ್ಚು, ನಾದುವುದು ಕಡಿಮೆ. ಯಂತ್ರ ತಿರುಗುತ್ತಿರುವಾಗಲೇ ಮೇಲಿನ ಕೊಳವೆಯಿಂದ ಸುಮಾರು 325 ಗ್ರಾಂ ತಣ್ಣೀರನ್ನು ಎಳೆಯಾಗಿ ಬಿಡಬೇಕು. ಹಿಟ್ಟು ಉಂಡೆಗಟ್ಟಿ, ಪಾತ್ರೆಯ ಗೋಡೆಗೆ ಅಂಟಿದ್ದನ್ನೆಲ್ಲ ತಾನೇ ಬಳಿದುಕೊಂಡು ತಿರುಗತೊಡಗಿದರೆ ನೀರು ಹದವಾಗಿದೆ. ಅಲ್ಲಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಬೇಕು. ಬಳಿಕ ಮತ್ತೆ 45 ಸೆಕೆಂಡು. ಚೂರು ಹಿಟ್ಟನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿದರೆ, ಹರಿಯದೆ ತೆಳು ಪೊರೆಯಾಗಬೇಕು.

ಈ ಕೆಲಸದ ಶತ್ರು ಬಿಸಿ. ಅಲಗಿನ ಉಜ್ಜಾಟಕ್ಕೆ ಹಿಟ್ಟು ನೋಡನೋಡುತ್ತ ಕಾಯುತ್ತದೆ. ನಾದಿ ಮುಗಿದಾಗ ಅದು 24ರಿಂದ 26 ಡಿಗ್ರಿಯಲ್ಲಿರುವುದು ಒಳ್ಳೆಯದು. 30 ದಾಟಿದರೆ ಈಸ್ಟ್ ಅವಸರಪಟ್ಟು ರುಚಿ ಕೂಡುವ ಮೊದಲೇ ಉಬ್ಬಿಸಿಬಿಡುತ್ತದೆ. ರಿಜೈನಾದ ಚಳಿಯಲ್ಲಿ ನಲ್ಲಿಯ ನೀರೇ ಸಾಕು. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ವಿಜಯಪುರದಲ್ಲಿ ಮಾಡುವವರು ಹಿಟ್ಟನ್ನೂ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟು, ಐಸ್ ಹಾಕಿದ ನೀರು ಬಳಸಬೇಕು. ಬೇಸಿಗೆಯಲ್ಲಿ ಬ್ರೆಡ್ಡಿಗೆ ಹುಳಿವಾಸನೆ ಬಂತು, ಯಂತ್ರದ ಬ್ರೆಡ್ಡೇ ಹೀಗೆ ಎಂದು ದೂರುವ ಬಂಧುಗಳಿಗೆ ನಾನು ಮೊದಲು ಕೇಳುವುದು ನೀರು ಎಷ್ಟು ತಣ್ಣಗಿತ್ತು ಎಂದೇ.

ಕೆನಡಾದ ಹಿಟ್ಟು ಈ ಹೊಡೆತವನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಅದರ ಹಿಂದೆ ಒಂದು ಸೊಗಸಾದ ಕಥೆ ಇದೆ. ಆ ಬಯಲಿಗೆ ಹೆಸರು ತಂದುಕೊಟ್ಟ ತಳಿ ಮಾರ್ಕ್ವಿಸ್. ರೆಡ್ ಫೈಫ್ ಎಂಬ ಗೋಧಿಯನ್ನು ಹಾರ್ಡ್ ರೆಡ್ ಕಲ್ಕತ್ತಾ ಎಂಬ ಭಾರತದ ಗೋಧಿಯೊಡನೆ ಕೂಡಿಸಿದ್ದರಿಂದ ಹುಟ್ಟಿದ್ದು ಅದು. 1909ರ ಹೊತ್ತಿಗೆ ರೈತರ ಕೈ ಸೇರಿತು. ಅದನ್ನು ಆರಿಸಿದ ಚಾರ್ಲ್ಸ್ ಸಾಂಡರ್ಸ್ ಕಾಳುಗಳನ್ನು ಬಾಯಲ್ಲಿ ಹಾಕಿ ಅಗಿಯುತ್ತಿದ್ದರು. ಹಿಟ್ಟೆಲ್ಲ ಕರಗಿ ಉಳಿಯುವ ಅಂಟು ಎಷ್ಟು ಜಗ್ಗುತ್ತದೆ ಎಂಬುದರ ಮೇಲೆ ಗ್ಲುಟೆನ್ ಗುಣ ತಿಳಿಯುತ್ತಿದ್ದರು. ಸಾಸ್ಕಾಚೆವಾನಿನ ಗೋಧಿಯಲ್ಲಿ ನಮ್ಮ ನೆಲದ ರಕ್ತವಿದೆ ಎಂದು ನೆನೆದಾಗ ಆ ಊರಿನ ಬ್ರೆಡ್ಡು ನನಗೆ ಪರಕೀಯ ಎನಿಸುವುದಿಲ್ಲ.

ಯಂತ್ರದ ಮೇಲಿನ ಆಕ್ಷೇಪಗಳಲ್ಲಿ ತಿರುಳಿರುವುದು ಒಂದಕ್ಕೆ. ಹಿಟ್ಟನ್ನು ಅತಿಯಾಗಿ ಹೊಡೆದರೆ ಗಾಳಿಯ ಆಮ್ಲಜನಕ ಅದರ ಕೆನೆಬಣ್ಣವನ್ನೂ ಒಂದಿಷ್ಟು ಪರಿಮಳವನ್ನೂ ತಿಂದುಹಾಕುತ್ತದೆ. ಫ್ರಾನ್ಸಿನ ಬ್ರೆಡ್ ತಜ್ಞ ರೆಮೋಂ ಕಾಲ್ವೆಲ್ ಇದನ್ನೇ ಎತ್ತಿ ತೋರಿಸಿ, ನಾದುವ ಮೊದಲು ಹಿಟ್ಟು ನೀರುಗಳನ್ನು ಬೆರೆಸಿ ಸುಮ್ಮನೆ ಬಿಡುವ ಕ್ರಮವನ್ನು 1970ರ ದಶಕದಲ್ಲಿ ಬಳಕೆಗೆ ತಂದರು. ನಾನು ನಡುವೆ ಇಪ್ಪತ್ತು ನಿಮಿಷ ಬಿಡುವುದು ಆ ಪಾಠದಿಂದಲೇ. ಇಂಗ್ಲೆಂಡಿನ ಚೋರ್ಲಿವುಡ್ಡಿನಲ್ಲಿ 1961ರಲ್ಲಿ ರೂಪುಗೊಂಡ ಕಾರ್ಖಾನೆಯ ವಿಧಾನ ಇದಕ್ಕೆ ಎದುರು. ಕೆಲವೇ ನಿಮಿಷ ರಭಸದಿಂದ ಕಲಸಿ, ಗಂಟೆಗಟ್ಟಲೆ ಹುದುಗುವ ಕಾಲವನ್ನೇ ಅದು ಕಿತ್ತುಹಾಕಿತು. ಸಪ್ಪೆ ಬ್ರೆಡ್ಡಿಗೆ ಹೊಣೆ ಹೊರಬೇಕಾದ್ದು ಆ ಕಿತ್ತುಹಾಕುವಿಕೆ. ಮನೆಯಲ್ಲಿ 45 ಸೆಕೆಂಡು ನಾದಿ ರಾತ್ರಿಯೆಲ್ಲ ತಂಪಿನಲ್ಲಿ ಹುದುಗಿಸಿದರೆ ರುಚಿ ಎಲ್ಲಿಗೂ ಹೋಗುವುದಿಲ್ಲ.

ಇನ್ನು ಜೋಳ. ಇಲ್ಲಿ ಕಥೆಯೇ ಬೇರೆ. ನಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆಯುವ ಮಾಲದಂಡಿ ಬಿಳಿಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಎಷ್ಟು ಹೊಡೆದರೂ ಹೆಣಿಗೆ ಹುಟ್ಟದು. ಜೋಳದ ಹಿಟ್ಟನ್ನು ಒಂದಾಗಿಸುವುದು ಎಸರು. ಕುದಿನೀರು ಬಿದ್ದಾಗ ಒಂದಿಷ್ಟು ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟನ್ನು ಬೇಯದ ಹಿಟ್ಟಿನ ಕಣಕಣಕ್ಕೂ ಸವರಬೇಕು. ಸವರುವುದೆಂದರೆ ಒತ್ತುವುದು, ತಿಕ್ಕುವುದು. ಕೊಣಮಿಗೆಯಲ್ಲಿ, ಅಂದರೆ ಹಿಟ್ಟು ನಾದುವ ಅಗಲ ಪಾತ್ರೆಯಲ್ಲಿ, ಅಂಗೈ ಬುಡದಿಂದ ಹಿಟ್ಟನ್ನು ಮುಂದಕ್ಕೆ ಒತ್ತಿ ಹಿಂದಕ್ಕೆ ಎಳೆದುಕೊಳ್ಳುವಾಗ ಆಗುವುದು ಇದೇ. ಅಲಗು ಒತ್ತುವುದಿಲ್ಲ, ಕಡಿಯುತ್ತದೆ. ಕಡಿದ ಜೋಳದ ಹಿಟ್ಟು ಉಂಡೆಯಾದಂತೆ ಕಂಡರೂ ಬಡಿಯುವಾಗ ಅಂಚು ಸೀಳುತ್ತದೆ. ಮುಚ್ಚಿದ ಪಾತ್ರೆಯೊಳಗೆ ಕುದಿನೀರು ಹಾಕಿ ತಿರುಗಿಸುವುದು ಅಪಾಯವೂ ಹೌದು.

ಇನ್ನೊಂದು ಮಾತು ಯಂತ್ರದ ಅಂಗಡಿಯವರಿಗೆ ಹೊಳೆಯುವುದೇ ಇಲ್ಲ. ರೊಟ್ಟಿಯ ಹಿಟ್ಟನ್ನು ಒಮ್ಮೆಗೇ ನಾದಿ ಇಡಲಾಗದು. ಇಟ್ಟರೆ ಬಿರಿಯುತ್ತದೆ. ಆದ್ದರಿಂದಲೇ ನಮ್ಮ ಹೆಣ್ಣುಮಕ್ಕಳು ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಮುರಿದುಕೊಂಡು, ಕೈಗೆ ನೀರು ಹಚ್ಚಿ ಮತ್ತೆ ನಾದಿ, ಆ ಕೂಡಲೇ ಬಡಿಯುತ್ತಾರೆ. ಹಿಂದಿನ ರೊಟ್ಟಿ ಹಂಚಿನ ಮೇಲೆ ಬೇಯುವಷ್ಟರಲ್ಲಿ ಮುಂದಿನದು ಸಿದ್ಧ. ಅರ್ಧ ಕಿಲೋ ಒಮ್ಮೆಗೇ ಮುಗಿಸುವ ಯಂತ್ರದ ಹೆಗ್ಗಳಿಕೆ ಇಲ್ಲಿ ಉಪಯೋಗಕ್ಕೆ ಬಾರದು. ಹಿಟ್ಟು ಹಳೆಯದಾಗಿ ಜಿಗಿ ಕಳೆದುಕೊಂಡಿದ್ದರಂತೂ ಕೈಯೂ ಸೋಲುತ್ತದೆ. ರಿಜೈನಾದ ಅಂಗಡಿಯಲ್ಲಿ ಸಿಗುವ ತಿಂಗಳುಗಟ್ಟಲೆ ಹಳೆಯ ಜೋಳದ ಹಿಟ್ಟಿಗಿಂತ ಕಾಳನ್ನೇ ತಂದು ಚಿಕ್ಕ ಗಿರಣಿಯಲ್ಲಿ ಬೀಸಿಕೊಳ್ಳುವುದು ಮೇಲು.

ಇಷ್ಟು ಹೇಳಿದ ಮಾತ್ರಕ್ಕೆ ‘ಕೈಯ ರುಚಿ’ಯ ಭಜನೆಗೆ ನಾನು ದನಿಗೂಡಿಸಲಾರೆ. ಕೈಯಿಂದ ನಾದಿದ್ದೇ ಶ್ರೇಷ್ಠ ಎಂದು ಗಟ್ಟಿಯಾಗಿ ಹೇಳುವವರು ಬಹುಪಾಲು ಕೊಣಮಿಗೆಯ ಮುಂದೆ ಎಂದೂ ಕೂರದ ಗಂಡಸರು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಎಡೆ ಚೆಲ್ಲುವ ಚರಗಕ್ಕೆ ಮನೆಯ ಹೆಂಗಸರು ವಾರ ಮೊದಲೇ ಸಜ್ಜೆಯ ರೊಟ್ಟಿ, ಜೋಳದ ಖಡಕ್ ರೊಟ್ಟಿಗಳ ಅಟ್ಟಿ ಪೇರಿಸುತ್ತಾರೆ. ಖಾನಾವಳಿಗಳಿಗೆ ರೊಟ್ಟಿ ಒದಗಿಸಿ ಸಂಸಾರ ತೂಗಿಸುವವರು ನಸುಕಿನಲ್ಲೇ ಒಲೆಯ ಮುಂದೆ ಕೂರುತ್ತಾರೆ. ಅವರ ಮಣಿಕಟ್ಟು, ಭುಜ, ಸೊಂಟಗಳ ನೋವನ್ನು ರುಚಿಯ ಲೆಕ್ಕಕ್ಕೆ ಸೇರಿಸುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ. ದುಡಿಮೆ ತಗ್ಗಿಸಬಹುದಾದ ಕಡೆ ತಗ್ಗಿಸಲೇಬೇಕು.

ಗೋಧಿಯ ಕೆಲಸದಲ್ಲಿ ಅದು ಇಂದೇ ಸಾಧ್ಯ. ಚಪಾತಿ, ಹೋಳಿಗೆಯ ಕಣಕಕ್ಕೆ ಯಂತ್ರ ಧಾರಾಳವಾಗಿ ಸಾಕು. ಒಂದು ಎಚ್ಚರಿಕೆ ಮಾತ್ರ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬೆಳೆಯುವ ಜವೆಗೋಧಿ, ಅಂದರೆ ಸದಕ, ಹುಗ್ಗಿಗೂ ಮಾದಲಿಗೂ ಹೇಳಿ ಮಾಡಿಸಿದ್ದು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025ರಂಥ ತಳಿಗಳು ಈ ಜಾತಿಯವು. ಇದರ ಗ್ಲುಟೆನ್ ದುರ್ಬಲ. ಕೆನಡಾದ ಗೋಧಿಗೆ ಹೊಂದುವ 45 ಸೆಕೆಂಡನ್ನು ಇದಕ್ಕೆ ಕೊಟ್ಟರೆ ಹೆಣಿಗೆ ಹರಿದು ಹಿಟ್ಟು ಜೋಲುಬೀಳುತ್ತದೆ. ಹದಿನೈದು ಸೆಕೆಂಡಿಗೆ ನಿಲ್ಲಿಸಿ, ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಉಳಿದದ್ದನ್ನು ನೀರೇ ಮಾಡುತ್ತದೆ.

ಜೋಳಕ್ಕೆ ಬೇಕಾದ ಯಂತ್ರವನ್ನು ಕಟ್ಟುವ ಜವಾಬ್ದಾರಿ ನಮ್ಮ ಭಾಗದವರದೇ. ಕೆನಡಾದ ಕಾರ್ಖಾನೆಗೆ ಎಸರಿನ ಚಿಂತೆ ಏಕಿರುತ್ತದೆ? ರೊಟ್ಟಿ ಯಂತ್ರಗಳು ಈಗಾಗಲೇ ಬಂದಿವೆ, ಆದರೆ ಅವುಗಳ ಗಮನವೆಲ್ಲ ತಟ್ಟುವ ಮತ್ತು ಬೇಯಿಸುವ ಕೆಲಸದ ಮೇಲೆ. ಭುಜ ಬೀಳಿಸುವುದು ನಾದುವ ಕೆಲಸ. ಬಾಗಲಕೋಟೆ, ಬೆಳಗಾವಿ, ವಿಜಯಪುರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ವಿಜಯಪುರದಲ್ಲಿ ಕೃಷಿ ಕಾಲೇಜಿದೆ. ಅಲ್ಲಿನ ಹುಡುಗ ಹುಡುಗಿಯರು ಅಲಗನ್ನು ಬಿಟ್ಟು ಉರುಳೆಯಿಂದ ಯೋಚನೆ ಶುರುಮಾಡಲಿ: ತೆರೆದ ಚಿಕ್ಕ ಬೋಗುಣಿ, ಒತ್ತಿ ತಿಕ್ಕುವ ಒಂದು ಉರುಳೆ, ಎರಡು ಮೂರು ರೊಟ್ಟಿಗಾಗುವಷ್ಟೇ ಹಿಟ್ಟು, ಮನೆಯ ಮಿಕ್ಸರಿನಷ್ಟೇ ಬೆಲೆ. ಮಾದರಿ ಸಿದ್ಧವಾದ ಮೇಲೆ ಅದನ್ನು ಮೊದಲು ಖಾನಾವಳಿಗೆ ರೊಟ್ಟಿ ಬಡಿಯುವ ಹೆಂಗಸರ ಕೈಗೆ ಕೊಟ್ಟು, ಅವರು ಬೇಡ ಎಂದ ಭಾಗವನ್ನು ಕಿತ್ತು ಮತ್ತೆ ಕಟ್ಟಲಿ.