ಮಹಾಪ್ರಾಣ ಹೋದ ಭವಿಷ್ಯ

ಡಿಸೆಂಬರ್ ಬಂತು. ನಿಮ್ಮ ಮನೆಗೂ ಆ ಚೀಟಿ ಬಂದಿರಬೇಕು. ಮೇಲೆ ದಪ್ಪ ಅಕ್ಷರದಲ್ಲಿ ‘ಶೈಕ್ಷಣಿಕ ಪ್ರವಾಸ’. ಕೆಳಗೆ ಹೋಗುವ ಜಾಗ: ಒಂದು ಥೀಮ್ ಪಾರ್ಕ್. ಅದರ ಕೆಳಗೆ: ಟವೆಲ್, ಬದಲಿ ಬಟ್ಟೆ, ನೈಲಾನ್ ಚಡ್ಡಿ ಕಡ್ಡಾಯ. ನಮ್ಮ ಕಾಲದಲ್ಲಿ ಶಾಲೆಯಿಂದ ಪ್ರವಾಸ ಅಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಬಸ್ಸಿನಲ್ಲಿ ಪುಳಿಯೋಗರೆ, ತಿರುವಿನಲ್ಲಿ ವಾಂತಿ, ಇಳಿದ ಮೇಲೆ ಮತ್ತೆ ಪುಳಿಯೋಗರೆ. ಹೊಯ್ಸಳರ ಬಗ್ಗೆ ಏನು ಕಲಿತೆವೋ ದೇವರೇ ಬಲ್ಲ. ಆದರೆ ಶಿಲಾಬಾಲಿಕೆಯನ್ನು ನೋಡಲು ನೈಲಾನ್ ಚಡ್ಡಿ ತನ್ನಿ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ನೀರಿನಲ್ಲಿ ಜಾರುವುದು ಯಾವ ಪಾಠದಲ್ಲಿ ಬರುತ್ತೆ ಅಂತ ಒಬ್ಬ ಪೋಷಕರು ಸಭೆಯಲ್ಲಿ ಕೇಳಿಯೇಬಿಟ್ಟರು. ಉತ್ತರ ರೆಡಿ ಇತ್ತು. “ಅಲ್ಲೊಂದು ಟೆಕ್ನಾಲಜಿ ಎಕ್ಸಿಬಿಷನ್ ಇದೆ ಸರ್.” ಮುಗಿಯಿತು. ಆ ಒಂದು ಹಾಲ್ ಇರುವುದರಿಂದ ಉಳಿದ ಜಾರುಬಂಡಿಗಳೆಲ್ಲ ಶೈಕ್ಷಣಿಕ. ಪುಣ್ಯಾಹ ಮಾಡಿ ನೀರು ಚಿಮುಕಿಸಿದ ಹಾಗೆ. ಇಲ್ಲಿ ನೀರು ಸ್ವಲ್ಪ ಜಾಸ್ತಿ, ಅಷ್ಟೆ.

ಪ್ರವಾಸದ ದಿನ ನನ್ನ ಮಗಳಿಗೆ ಜ್ವರ. ಒಳ್ಳೆಯದೇ ಆಯಿತು ಅಂದುಕೊಂಡೆ. ಆಗಲಿಲ್ಲ. ‘ನಾನು ಕಂಡ ತಂತ್ರಜ್ಞಾನ’ ಅಂತ ವರದಿ ಬರೆಯಬೇಕಂತೆ, 10 ಅಂಕವಂತೆ. ಹಾಗಾಗಿ ಭಾನುವಾರ ನಾನು, ಮಗಳು, ತಿಪಟೂರಿನಿಂದ ಬಂದಿದ್ದ ನನ್ನ ಭಾಮೈದ, ಮೂವರೂ ಹೊರಟೆವು. ಅವನಿಗೆ ಅಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟು, ಮಿಕ್ಸಿ, ಫ್ಯಾನು, ಸುಟ್ಟದ್ದೆಲ್ಲ ಅವನ ಹತ್ತಿರ ಬರುತ್ತೆ. ಪಾರ್ಕಿನ ಹೆಸರು ಬೇಡ. ಊರ ಹೊರಗಿದೆ, ಪಾರ್ಕಿಂಗಿಗೆ ದುಡ್ಡು ಕೊಡಬೇಕು, ನೀರಿನ ಬಾಟಲಿ ಒಳಗೆ ಬಿಡಲ್ಲ. ಇಷ್ಟು ಹೇಳಿದರೆ ಯಾವುದಾದರೂ ಆಗಬಹುದು.

ಹಾಲಿನ ಬಾಗಿಲ ಮೇಲೆ ಬಣ್ಣದ ಲೈಟಿನಲ್ಲಿ ಬೋರ್ಡು: ‘ಬವಿಷ್ಯ ಲೋಕ’. ಭವಿಷ್ಯಕ್ಕೆ ಬಾಗಿಲಲ್ಲೇ ಮಹಾಪ್ರಾಣ ಹೋಗಿತ್ತು.

ಒಳಗೆ ಹೋದ ಕೂಡಲೇ ರೋಬೋಟ್. ಬಿಳಿ ಮೈ, ನೀಲಿ ಕಣ್ಣು. ಅದು ಕೈ ಮುಗಿದು ಸ್ವಾಗತ ಮಾಡಬೇಕು. ಒಂದು ಕೈ ಮೇಲೆ ಬಂತು, ಇನ್ನೊಂದು ಅರ್ಧಕ್ಕೆ ನಿಂತಿತು. ನೋಡಲು ಸಾಲ ಕೇಳುತ್ತಿರುವ ಹಾಗಿತ್ತು. ಮಗಳು “ನಮಸ್ಕಾರ, ನಿನ್ನ ಹೆಸರೇನು?” ಅಂತ ಕೇಳಿದಳು. ರೋಬೋಟ್ “ವೆಲ್ಕಮ್ ಟು ದಿ ಫ್ಯೂಚರ್” ಅಂದಿತು. ಮತ್ತೆ ಕೇಳಿದಳು. ಮತ್ತೆ ಅದೇ. ಪಕ್ಕದಲ್ಲಿ ನಿಂತಿದ್ದ ಹುಡುಗ “ಅದಕ್ಕೆ ಕನ್ನಡ ಬರಲ್ಲ ಪುಟ್ಟಾ” ಅಂದ. ಇಂಗ್ಲಿಷೂ ನಾಲ್ಕೇ ಪದ ಬರುತ್ತೆ ಅಂತ ಹೇಳಲಿಲ್ಲ. ಭಾಮೈದ ಅದರ ಭುಜದ ಹತ್ತಿರ ಮೂಗು ಇಟ್ಟು ಮೂಸಿದ. “ಭಾವ, ಒಳಗೆ ಮೋಟಾರ್ ಹೀಟ್ ಆಗ್ತಿದೆ. ವಾಸ್ನೆ ನೋಡಿ.” ಅಲ್ಲಿದ್ದವರಲ್ಲಿ ರೋಬೋಟಿನ ಆರೋಗ್ಯ ವಿಚಾರಿಸಿದವನು ಅವನೊಬ್ಬನೇ.

ಆಮೇಲೆ 9ಡಿ ಸಿನಿಮಾ. ಉದ್ದ, ಅಗಲ, ಎತ್ತರ, ಇದು ಮೂರು. ಕಾಲ ಸೇರಿಸಿ ನಾಲ್ಕಕ್ಕೆ ಐನ್‌ಸ್ಟೈನ್ ನಿಲ್ಲಿಸಿದ. ಇವರು ಒಂಬತ್ತಕ್ಕೆ ಹೋಗಿದ್ದಾರೆ. ನಾನು ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದ ಎಣಿಸಿದೆ. ಕುರ್ಚಿ ಅಲುಗಾಡಿತು, ನಾಲ್ಕು. ಮುಖಕ್ಕೆ ಗಾಳಿ, ಐದು. ಮುಖಕ್ಕೆ ನೀರು, ಆರು. ಕಾಲಿಗೆ ಏನೋ ದಾರ ತಾಗಿತು, ಏಳು. ಅದು ದಾರ ಅಂತಲೇ ನಂಬಿಕೊಂಡಿದ್ದೇನೆ. ಉಳಿದ ಎರಡು ಎಲ್ಲಿ ಅಂತ ಹೊರಗೆ ಬಂದ ಮೇಲೂ ಯೋಚನೆ. ಟಿಕೆಟ್ ತೆಗೆದು ನೋಡಿದಾಗ ಹೊಳೆಯಿತು. ದುಡ್ಡು. ಆ ಪದದಲ್ಲೇ ಎರಡು ಡಿ ಇವೆ.

ಇಂಥವು ನೋಡಲು ಯೋಗ್ಯವೋ ಅಲ್ಲವೋ ಅಂತ ಜನ ನನ್ನನ್ನು ಕೇಳುತ್ತಾರೆ. ಖಂಡಿತ ನೋಡಿ ಸ್ವಾಮಿ. ಎ.ಸಿ. ಇದೆ. ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದಲ್ಲಿರುವ ನಮ್ಮವರು ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ನಯಾಗರ ತೋರಿಸುತ್ತಾರೆ, ಆಮೇಲೆ ಒರ್ಲ್ಯಾಂಡೊ. ಅಲ್ಲಿ ಡಿಸ್ನಿಯವರ ಎಪ್ಕಾಟ್ ಇದೆ. ತಂತ್ರಜ್ಞಾನವನ್ನೂ ತೋರಿಸಲೆಂದು 1982ರಲ್ಲಿ ಶುರುವಾದ ಪಾರ್ಕು. ವಾಲ್ಟ್ ಡಿಸ್ನಿ ಅಂದುಕೊಂಡದ್ದು ಪಾರ್ಕನ್ನಲ್ಲ, ಜನ ವಾಸ ಮಾಡುವ ನಿಜವಾದ ನಾಳೆಯ ಊರನ್ನು. ಆತ 1966ರಲ್ಲಿ ತೀರಿಕೊಂಡ. ಊರು ಕಟ್ಟುವುದು ಕಷ್ಟ, ಟಿಕೆಟ್ ಹರಿಯುವುದು ಸುಲಭ. ನಮ್ಮಲ್ಲಿ ಲೇಔಟ್ ಅಂತ ಹೇಳಿ ಬರೀ ಕಮಾನು ಕಟ್ಟಿ ಬಿಡುವವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಎಪ್ಕಾಟಿನಲ್ಲಿ ಇನ್ನೊವೆನ್ಶನ್ಸ್ ಅಂತ ಹೊಸ ಸಾಮಾನುಗಳ ಪ್ರದರ್ಶನವಿತ್ತು. 1994ರಲ್ಲಿ ಶುರು, 2019ಕ್ಕೆ ಪೂರ್ತಿ ಬಂದ್. ಬೇರೆ ಬೇರೆ ಕಂಪನಿಗಳು ದುಡ್ಡು ಕೊಟ್ಟು ತಮ್ಮ ಸಾಮಾನು ಇಡುತ್ತಿದ್ದವು. ಪಕ್ಕದಲ್ಲೇ ಬೇರೆ ಬೇರೆ ದೇಶದ ಕೋಕಾಕೋಲಾ ಕಂಪನಿಯ ಪಾನೀಯಗಳನ್ನು ಪುಕ್ಕಟೆ ಕುಡಿಸುವ ಜಾಗ. ಅದರಲ್ಲಿ ಇಟಲಿಯ ಬೆವರ್ಲಿ ಅನ್ನುವುದು ನಮ್ಮ ಹಾಗಲಕಾಯಿಯ ಅಣ್ಣ. ನಾಳೆಯ ಪ್ರಪಂಚವನ್ನು ಜನ ಮರೆತಿದ್ದಾರೆ. ಆ ಕಹಿಯನ್ನು ಇವತ್ತೂ ನೆನಪಿಟ್ಟುಕೊಂಡಿದ್ದಾರೆ.

ಅದೇ ಎಪ್ಕಾಟಿನಲ್ಲಿ ಇಂಧನದ ಬಗ್ಗೆ ಜನರಿಗೆ ತಿಳಿವಳಿಕೆ ಕೊಡುವ ಒಂದು ದೊಡ್ಡ ಮಂಟಪ ಇತ್ತು. ಪ್ರಾಯೋಜಕರು ಯಾರು ಹೇಳಿ? ಎಕ್ಸಾನ್. ಪೆಟ್ರೋಲ್ ಕಂಪನಿ. ಛಾವಣಿ ತುಂಬಾ ಸೌರ ಫಲಕ, ಒಳಗೆ ಡೈನೋಸಾರ್, ಖರ್ಚಿಗೆ ಎಣ್ಣೆಯ ದುಡ್ಡು. ಬೆಕ್ಕು ಹಾಲಿನ ಬಗ್ಗೆ ಉಪನ್ಯಾಸ ಕೊಟ್ಟ ಹಾಗೆ.

ಇವೆಲ್ಲಕ್ಕಿಂತ ನನಗೆ ಇಷ್ಟ ಪ್ಲಾಸ್ಟಿಕ್ ಮನೆಯ ಕಥೆ. 1957ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಮಾನ್ಸಾಂಟೊ ಕಂಪನಿ ‘ಭವಿಷ್ಯದ ಮನೆ’ ಅಂತ ಒಂದನ್ನು ನಿಲ್ಲಿಸಿತು. ಗೋಡೆ ಪ್ಲಾಸ್ಟಿಕ್, ನೆಲ ಪ್ಲಾಸ್ಟಿಕ್, ಕುರ್ಚಿ ಪ್ಲಾಸ್ಟಿಕ್. ಅಡುಗೆಮನೆಯಲ್ಲಿ ಮೈಕ್ರೋವೇವ್ ಒಲೆ. ಜನ ಸಾಲು ನಿಂತು ನೋಡಿದರು. ಹತ್ತು ವರ್ಷದ ಮೇಲೆ ಹಳತಾಯಿತು, ಒಡೆದು ಹಾಕಿ ಅಂದರು. ಕಟ್ಟಡ ಕೆಡವುವ ಕಬ್ಬಿಣದ ಗುಂಡು ತಂದು ಬೀಸಿದರೆ ಅದು ಚೆಂಡಿನ ಹಾಗೆ ಪುಟಿದು ವಾಪಸ್ ಬಂತಂತೆ! ಒಂದು ದಿನದ ಕೆಲಸಕ್ಕೆ ಎರಡು ವಾರ ಹಿಡಿಯಿತಂತೆ. ಥೀಮ್ ಪಾರ್ಕುಗಳು ಇಲ್ಲಿಯ ತನಕ ಹೇಳಿದ ಭವಿಷ್ಯದಲ್ಲಿ ಪೂರ್ತಿ ನಿಜವಾದದ್ದು ಇದೊಂದೇ. ಪ್ಲಾಸ್ಟಿಕ್ ಬರುತ್ತೆ ಅಂದರು, ಬಂತು. ಹೋಗಲ್ಲ ಅಂತಲೂ ಅವರೇ ತೋರಿಸಿಕೊಟ್ಟರು. ಬೇಕಿದ್ದರೆ ಬೆಳ್ಳಂದೂರಿನ ಕೆರೆಯ ಕಡೆ ಹೋಗಿ ನೋಡಿ. ಟಿಕೆಟ್ ಇಲ್ಲ.

ಇನ್ನೊಂದು ಇದೆ. ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಅಂತ ಡಿಸ್ನಿಯವರದೇ ಯಂತ್ರದ ಬೊಂಬೆಗಳ ನಾಟಕ. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಮಾಡಿದ್ದು. ಕೂತವರೇ ವೇದಿಕೆಯ ಸುತ್ತ ತಿರುಗುತ್ತಾರೆ. ಬೊಂಬೆಗಳ ಒಂದು ಸಂಸಾರ ಕಾಲಕಾಲಕ್ಕೆ ಹೊಸ ಹೊಸ ಸಾಮಾನು ತರುತ್ತಾ ಹೋಗುತ್ತೆ. ಕೊನೆಯ ದೃಶ್ಯದಲ್ಲಿ ಮಾತು ಕೇಳುವ ಒಲೆ. ಅಜ್ಜಿ ವಿಡಿಯೋ ಗೇಮ್ ಆಡುತ್ತಾಳೆ. ಅವಳ ಅಂಕ ಕೂಗಿದ್ದನ್ನು ಒಲೆ ತನಗೇ ಹೇಳಿದ್ದು ಅಂದುಕೊಂಡು ಶಾಖ ಏರಿಸಿ ಏರಿಸಿ ಹಬ್ಬದ ಟರ್ಕಿ ಕೋಳಿಯನ್ನು ಸುಟ್ಟು ಕರಕಲು ಮಾಡುತ್ತೆ. ಈ ದೃಶ್ಯ 1990ರ ದಶಕದ್ದು. ನಗಿಸಲು ಬರೆದದ್ದು. ಈಗ ನಮ್ಮ ಮನೆಯಲ್ಲೇ ಒಂದು ಮಾತು ಕೇಳುವ ಡಬ್ಬಿ ಇದೆ. ನನ್ನಾಕೆ ನನಗೆ ಬೈದರೆ ಅದು ಇಂಗ್ಲಿಷಿನಲ್ಲಿ ‘ಸಾರಿ’ ಅನ್ನುತ್ತೆ. ನನಗಿಂತ ಬೇಗ ಅನ್ನುತ್ತೆ.

ಎಲ್ಲಿಗೋ ಹೋದೆ. ನಮ್ಮ ಬವಿಷ್ಯ ಲೋಕದಲ್ಲಿ ಇನ್ನೊಂದು ಕೌಂಟರ್ ಇತ್ತು. ಎ.ಐ. ನಿಮ್ಮ ಮುಖ ನೋಡಿ ನೀವು ಮುಂದೆ ಏನಾಗುತ್ತೀರಿ ಅಂತ ಫೋಟೋ ಕೊಡುತ್ತೆ. 150 ರೂಪಾಯಿ. ಮಗಳು ನಿಂತಳು, ಗಗನಯಾತ್ರಿ ಆದಳು. ಹಿಂದಿದ್ದ ಹುಡುಗ, ಗಗನಯಾತ್ರಿ. ಅವನ ತಂಗಿಯೂ ಗಗನಯಾತ್ರಿ. ಭಾಮೈದನನ್ನು ಬಲವಂತ ಮಾಡಿ ನಿಲ್ಲಿಸಿದೆ. ನಲವತ್ತೆಂಟು ವರ್ಷ, ಸಕ್ಕರೆ ಕಾಯಿಲೆ, ಬೆರಳ ಸಂದಿಯಲ್ಲಿ ವಾರ್ನಿಶ್. ಅವನೂ ಗಗನಯಾತ್ರಿ. ಮೀಸೆ ಮಾತ್ರ ಬೋಳಿಸಿಬಿಟ್ಟಿತ್ತು. “ಇದಕ್ಕಿಂತ ಸಂತೆಯ ಗಿಣಿಶಾಸ್ತ್ರವೇ ವಾಸಿ ಭಾವ. ಗಿಣಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ತೆಗೀತದೆ” ಅಂದ. ಗಿಣಿ ಮೀಸೆಯ ತಂಟೆಗೂ ಹೋಗುವುದಿಲ್ಲ.

ಚಂದ್ರನ ಮೇಲೆ ನಿಂತ ಹಾಗೆ ತೋರಿಸುವ ವಿ.ಆರ್. ಕನ್ನಡಕದ ಬಗ್ಗೆ ಜಾಸ್ತಿ ಹೇಳಲ್ಲ. ಹಾಕಿಕೊಂಡಾಗ ಹಿಂದಿನವರ ಬೆವರು ಹಣೆಗೆ ಒದ್ದೆಯಾಗಿ ತಾಗಿತು. ಚಂದ್ರನ ಮೇಲೆ ನೀರಿದೆ ಅಂತ ಆಗಲೇ ಗೊತ್ತಾಯಿತು.

ಇಡೀ ಪಾರ್ಕಿನಲ್ಲಿ ತಪ್ಪಿಲ್ಲದೆ ಕೆಲಸ ಮಾಡುತ್ತಿದ್ದ ತಂತ್ರಜ್ಞಾನ ಒಂದೇ. ಫಾಸ್ಟ್ ಟ್ರ್ಯಾಕ್ ಟಿಕೆಟ್. ಕ್ಯೂನಲ್ಲಿ ನಾವು ಮುಕ್ಕಾಲು ಗಂಟೆ ನಿಂತಾಗ ಕೈಗೆ ಹಳದಿ ಪಟ್ಟಿ ಕಟ್ಟಿದವರು ಪಕ್ಕದಿಂದ ಸುಯ್ ಅಂತ ಹೋಗುತ್ತಿದ್ದರು. ಯಂತ್ರ ಒಂದು ಸಲವೂ ಕೈ ಕೊಡಲಿಲ್ಲ. ಆದರೆ ಇದರಲ್ಲೂ ಹೊಸದೇನಿಲ್ಲ. ನಮ್ಮ ದೇವಸ್ಥಾನಗಳಲ್ಲಿ ‘ವಿಶೇಷ ದರ್ಶನ’ ಎಷ್ಟು ಕಾಲದಿಂದ ಇಲ್ಲ?

ನಾನೇನು ಪ್ರದರ್ಶನದ ವಿರೋಧಿಯಲ್ಲ. ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಶುರುವಾದದ್ದೇ 1880ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ. ಹೊರಗೆ ಏನು ಹೊಸದು ಬಂದಿದೆ ಅಂತ ಜನಕ್ಕೆ ಗೊತ್ತಾಗಲಿ ಅನ್ನುವ ಉದ್ದೇಶ. ಈಗ ನಾವು ಹೋಗುವುದು ತಟ್ಟೆಯಗಲದ ಹಪ್ಪಳಕ್ಕೆ. ದಸರಾ ಶುರುವಾದರೂ ಸರ್ಕಾರಿ ಮಳಿಗೆ ಖಾಲಿ ಅಂತ ಪೇಪರಿನಲ್ಲಿ ಫೋಟೋ ಬರುತ್ತೆ, ನೋಡಿರುತ್ತೀರಿ. ಹಪ್ಪಳದವನ ಮಳಿಗೆ ಖಾಲಿ ಇದ್ದ ಫೋಟೋ ನೋಡಿದ್ದೀರಾ?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ. ಅಪ್ಪ ನನ್ನನ್ನು ಒಂದು ಸಲ ಕರೆದುಕೊಂಡು ಹೋಗಿದ್ದರು. ಗುಂಡಿ ಒತ್ತಿದರೆ ಒಳಗೆ ಏನೋ ತಿರುಗುತ್ತಿತ್ತು. ಯಾಕೆ ತಿರುಗುತ್ತೆ ಅಂತ ಪಕ್ಕದಲ್ಲಿ ಬರೆದಿತ್ತು. ಓದಿದರೆ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧಕ್ಕೆ ಮತ್ತೆ ಗುಂಡಿ ಒತ್ತುವುದು. ಹಿಂದೆ ನಿಂತ ಹುಡುಗ ತಳ್ಳುವ ತನಕ. ಅಲ್ಲಿ ಯಾರೂ ನನಗೆ ಏನನ್ನೂ ಮಾರಲಿಲ್ಲ. ಭವಿಷ್ಯ ತೋರಿಸುತ್ತೇವೆ ಅಂತಲೂ ಅನ್ನಲಿಲ್ಲ.

ನಗುವುದು ಸಾಕು ಅನ್ನಿಸುತ್ತಿದೆ. ಮಗಳು ನೋಡಿದ್ದು ಏನು? ಪರದೆ. ಮನೆಯಲ್ಲಿ ನೋಡಬೇಡ ಅಂತ ದಿನಾ ಕಿತ್ತುಕೊಳ್ಳುವ ಅದೇ ಪರದೆಯನ್ನು, ಮೂವರಿಗೆ 4,000 ಚಿಲ್ಲರೆ ಕೊಟ್ಟು, ಐವತ್ತು ಕಿಲೋಮೀಟರ್ ಹೋಗಿ, ಕ್ಯೂ ನಿಂತು ನೋಡಿ ಬಂದಳು. ಎಲ್ಲಾ ಕಡೆ ‘ಮುಟ್ಟಬೇಡಿ’. ರೋಬೋಟಿನ ಬೆನ್ನು ಬಿಚ್ಚಿ ಇದು ಮೋಟಾರು, ಇದು ಗೇರು, ಇದಕ್ಕೆ ಇಂತಿಷ್ಟು ಕರೆಂಟು ಅಂತ ಹೇಳುವವರು ಒಬ್ಬರೂ ಇಲ್ಲ. ಹೋಗಲಿ, ಇದು ವ್ಯಾಪಾರ, ಅವರದು ಅವರಿಗೆ. ನಮ್ಮ ಶಾಲೆಗಳು? ನಾನು ಓದಿದ ಹೈಸ್ಕೂಲಿನಲ್ಲಿ ಒಂದು ಮೈಕ್ರೋಸ್ಕೋಪ್ ಇತ್ತು. ಗಾಜಿನ ಬೀರುವಿನಲ್ಲಿ. ಹಾಳಾಗುತ್ತೆ ಅಂತ ಮೂರು ವರ್ಷವೂ ತೆಗೆಯಲಿಲ್ಲ. ಹೋದ ವರ್ಷ ಯಾವುದೋ ಕೆಲಸಕ್ಕೆ ಹೋಗಿದ್ದೆ. ಅದೇ ಬೀರು, ಅದೇ ಬೀಗ. ಮೈಕ್ರೋಸ್ಕೋಪಿನ ಮೇಲೆ ಹೂವಿನ ಬಟ್ಟೆ ಹೊದಿಸಿದ್ದಾರೆ. ಎಷ್ಟು ಮಕ್ಕಳು ಅದರ ಮುಂದೆ ಓಡಾಡಿ, ಪಾಸಾಗಿ, ಫೇಲಾಗಿ ಹೋಗಿರಬಹುದು. ಬೀಗ ತೆಗೆಯಲು ಯಾವ ಟೆಕ್ನಾಲಜಿ ಬೇಕು?

ಹೊರಡುವಾಗ ಭಾಮೈದ ರೋಬೋಟ್ ಹುಡುಗನ ಹತ್ತಿರ ಏನೋ ಮಾತಾಡುತ್ತಾ ನಿಂತಿದ್ದ. ಕುಣಿಗಲ್ ಕಡೆಯ ಹುಡುಗನಂತೆ. ಡಿಪ್ಲೊಮಾ ಮಾಡಿದ್ದಾನಂತೆ. ರೋಬೋಟ್ ಸರಿ ಮಾಡಲು ಕಂಪನಿಯವರೇ ಬರಬೇಕಂತೆ, ಇವನು ಮುಟ್ಟಿದರೆ ವಾರಂಟಿ ಹೋಗುತ್ತಂತೆ. ದಿನವಿಡೀ ಪಕ್ಕದಲ್ಲಿ ನಿಂತು ಜನ ಮುಟ್ಟದ ಹಾಗೆ ನೋಡಿಕೊಳ್ಳುವುದೇ ಕೆಲಸ. ಭಾಮೈದ ತನ್ನ ಅಂಗಡಿ ಕಾರ್ಡು ಕೊಟ್ಟು ಬಂದ.

ವರದಿ ಬರೆದಾಯಿತು. 10ಕ್ಕೆ 6. ‘ರೋಬೋಟಿಗೆ ಕೈ ನೋವಾಗಿತ್ತು’ ಅಂತ ಬರೆದಿದ್ದಳು, ಟೀಚರು ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ.

ನಿನ್ನೆ ಭಾಮೈದ ಫೋನ್ ಮಾಡಿದ್ದ. ಪಾರ್ಕಿನ ಹುಡುಗ ಫೋನ್ ಮಾಡಿದ್ದನಂತೆ. ರೋಬೋಟ್ ರಿಪೇರಿಗಾ ಅಂತ ಕೇಳಿದೆ. “ಅಲ್ಲ ಭಾವ, ಅವರ ತೋಟದ ಬೋರ್‌ವೆಲ್ ಮೋಟಾರ್ ಸುಟ್ಟಿದೆಯಂತೆ. ಐದು ಎಚ್‌ಪಿ. ಬೆಳಿಗ್ಗೆ ಬಸ್ಸಿಗೆ ಹಾಕಿ ಕಳಿಸ್ತೀನಿ ಅಂದ.”