ಮಳಿ ಅಷ್ಟ ಅಲ್ಲ, ಮ್ಯಾಲಿನ ಹಿಮದ ಮೋಡಾನೂ ಸರೀತಾವ

ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ವಾಡಿಕಿಗಿಂತ ಹೆಚ್ಚು ಕಾಯೂದು) ಬಂದರ ನಮ್ಮ ಕಡೆ ಸಾಮಾನ್ಯವಾಗಿ ಮಳಿ ಕಡಿಮಿ ಅಂತ ಲೇಖನದಾಗ ಬರದೀರಿ, ಖರೆ. ಆದರ ಸಿರಸ್, ಅಂದರ ಭಾಳ ಎತ್ತರದಾಗಿನ ಹಿಮಕಣದ ಮೋಡದ ಮಾತು ಬಿಟ್ಟುಹೋಗೇದ ಸರ್. ಪೆಸಿಫಿಕ್ ಸಾಗರದ ನಡುಭಾಗ, ಪೂರ್ವಭಾಗ ಕಾದಾಗ ಗುಡುಗು ಮೋಡಗಳು ಇಂಡೋನೇಷ್ಯಾದ ಕಡೆ ಕಡಿಮಿಯಾಗಿ ಪೂರ್ವಕ್ಕ ಸರೀತಾವ. ಅವುಗಳ ತುದಿ 10 ಕಿಲೋಮೀಟರ್‌ಗಿಂತ ಎತ್ತರದಾಗ ಹರಡಿ ಹಿಮಕಣದ ಸಿರಸ್ ಆಗ್ತದ. ಅಂದಮ್ಯಾಲ ಸಿರಸ್ಸೂ ಅವುಗಳ ಬೆನ್ನ ಹತ್ತಿ ಹೋಗ್ತದ. ತೆಳ್ಳನ ಸಿರಸ್ ಬಿಸಿಲನ್ನ ಒಳಗ ಬಿಡ್ತದ, ಭೂಮಿಯ ಕಾವು ಪೂರಾ ಹೊರಗ ಹೋಗಗೊಡೂದಿಲ್ಲ. ನನಗ ಭಾಳ ಮುಖ್ಯ ಅನಸೂದು ಇದ.

2023ರ ಎಲ್ ನಿನೊದಾಗ ಗದಗ ಕಡೆ ನಮ್ಮ ಎರಿ ಹೊಲ ಬಿರಕು ಬಿಟ್ಟಿತ್ತು. ಹಿಂಜಿದ ಅರಳಿಯಂಥ ಮೋಡ ನೋಡಿ ಅಪ್ಪಾರು ‘ಇವು ಮಳಿ ಮೋಡಲ್ಲ’ ಅಂತಿದ್ರು. ಈ ಸಿರಸ್ ಮೋಡದ ಮ್ಯಾಲೂ ಒಂದು ಲೇಖನ ಬರೀರಿ ಸರ್.