ಅಪ್ಪ ಆಡಿದ್ದು ನೂರು, ಮಗನಿಗೆ ಆಷಾಢದ ರಿಯಾಯಿತಿ

ಶೇ 20 ಇದ್ದ ರಿಯಾಯಿತಿಯನ್ನು ಶೇ 10ಕ್ಕೆ ಇಳಿಸಿದ್ದಾರೆ. ಇಳಿಸಿದವರು ಚಿಕ್ಕಪೇಟೆಯ ಸೀರೆ ಅಂಗಡಿಯವರಲ್ಲ, ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನವರು. ಸರಕು ಹದಿನೆಂಟು ವರ್ಷದ ಹುಡುಗ. ಅವನಪ್ಪ ಅದೇ ಕ್ಲಬ್ಬಿನ ಸೀನಿಯರ್ ತಂಡದಲ್ಲಿ 100 ಪಂದ್ಯ ಆಡಿದ್ದರೆ ಡ್ರಾಫ್ಟ್ ರಾತ್ರಿ, ಅಂದರೆ ಕ್ಲಬ್ಬುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ರಾತ್ರಿ, ಮಗ ಅಗ್ಗಕ್ಕೆ ಸಿಗುತ್ತಾನೆ. 2025ರಿಂದ ಆ ಅಗ್ಗ ಅರ್ಧಕ್ಕೆ ಇಳಿದಿದೆ. ಇದಕ್ಕೆ ಸುಧಾರಣೆ ಎಂದು ಹೆಸರು. ವಾರಕ್ಕೆ ನಾಲ್ಕು ದಿನ ಕನ್ನ ಹಾಕುತ್ತಿದ್ದವನು ಇನ್ನು ಎರಡೇ ದಿನ ಅಂದರೆ ನಾವು ಊರಿನವರೆಲ್ಲ ಸೇರಿ ಶಾಲು ಹೊದಿಸಬೇಕಲ್ಲ!

ದೇವಸ್ಥಾನದಲ್ಲಿ ವಿಶೇಷ ದರ್ಶನದ ಸಾಲಿಗೆ ಹೆಚ್ಚು ದುಡ್ಡು ತಗೋತಾರೆ. ಇಲ್ಲಿ ವಿಶೇಷ ಸಾಲಿನಲ್ಲಿ ನಿಂತವನಿಗೇ ಕಡಿಮೆ ದುಡ್ಡು. ಸರದಿ ಮುರಿದು ಮುಂದೆ ಹೋಗಲು ಬಿಟ್ಟದ್ದು ಸಾಲದೆಂದು ಟಿಕೆಟ್ಟಿನಲ್ಲೂ ಕಡಿತ ಕೊಟ್ಟ ಈ ಮಹಾನುಭಾವರ ಉದಾರಬುದ್ಧಿಗೆ ಏನು ಹೇಳೋಣ.

ಡ್ರಾಫ್ಟಿನ ಮೂಲ ಧರ್ಮ ಸರಳ. ಕೊನೆಯ ಸ್ಥಾನದಲ್ಲಿ ಒದ್ದಾಡಿದ ತಂಡಕ್ಕೆ ಮೊದಲು ಬಡಿಸಬೇಕು, ಕಪ್ ಗೆದ್ದವನು ಕಡೇ ಪಂಕ್ತಿಯಲ್ಲಿ ಕೂರಬೇಕು. ಬಡಿಸುವವನು ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಹೋಳಿಗೆ ತಪ್ಪುವುದಿಲ್ಲ ಅನ್ನುವುದನ್ನು ಬ್ರಿಸ್ಬೇನ್ ಲಯನ್ಸ್ 2024ರಲ್ಲಿ ತೋರಿಸಿಕೊಟ್ಟಿತು. ಸೆಪ್ಟೆಂಬರಿನಲ್ಲಿ ಸಿಡ್ನಿಯನ್ನು 60 ಅಂಕಗಳಿಂದ ಬಡಿದು ಕಪ್ ಎತ್ತಿತು. ನವೆಂಬರಿನಲ್ಲಿ ಲೀವೈ ಆಶ್‌ಕ್ರಾಫ್ಟ್ ಎಂಬ ಹುಡುಗನನ್ನು ಮೆಲ್ಬರ್ನ್ ಕ್ಲಬ್ 5ನೇ ಸರದಿಯಲ್ಲಿ ಕರೆದಾಗ, 'ಅವನು ನಮ್ಮನೆ ಹುಡುಗ' ಎಂದು ಕೈ ಹಿಡಿದು ಎಳೆದುಕೊಂಡು ಹೋಯಿತು. ಅಪ್ಪ ಮಾರ್ಕಸ್ ಆಡಿದ್ದು 318 ಪಂದ್ಯ. ಅಣ್ಣ ವಿಲ್ 2022ರಲ್ಲಿ ಇದೇ ದಾರಿಯಲ್ಲಿ, 2ನೇ ಸ್ಥಾನದಲ್ಲಿ ಬಂದವನು. ಆ ಸಲ ಹೆಸರು ಕೂಗಿ ಬಾಯಿ ಒಣಗಿಸಿಕೊಂಡದ್ದು ಪಟ್ಟಿಯ ತಳದಲ್ಲಿದ್ದ ನಾರ್ತ್ ಮೆಲ್ಬರ್ನ್. 2024 ಮತ್ತು 2025ರ ಎರಡೂ ಫೈನಲ್‌ಗಳಲ್ಲಿ ಶ್ರೇಷ್ಠ ಆಟಗಾರನ ನಾರ್ಮ್ ಸ್ಮಿತ್ ಪದಕ ವಿಲ್‌ಗೇ ಹೋಯಿತು.

ಈಗ ಲೆಕ್ಕದ ವಿಷಯಕ್ಕೆ ಬರೋಣ, ಯಾಕೆಂದರೆ ಮಜಾ ಇರುವುದೇ ಅಲ್ಲಿ. 2015ರಲ್ಲಿ ಲೀಗು ಪ್ರತಿ ಸರದಿಗೂ ಒಂದು ಬೆಲೆ ಕಟ್ಟಿತು. 1ನೇ ಪಿಕ್‌ಗೆ 3000 ಪಾಯಿಂಟು, 2ಕ್ಕೆ 2517, 3ಕ್ಕೆ 2234, 4ಕ್ಕೆ 2034, ಹೀಗೆ ಇಳಿಯುತ್ತ 73ನೆಯದಕ್ಕೆ 9. 2024ರ ತನಕ ನಡೆದದ್ದು ಇದೇ ಕೋಷ್ಟಕ. ಬೇರೆ ಕ್ಲಬ್ ತನ್ನ ಸರದಿಯಲ್ಲಿ ಹುಡುಗನ ಹೆಸರು ಹೇಳಿದರೆ ಅದು ಬಿಡ್. ಅಪ್ಪನ ಕ್ಲಬ್ಬಿನವರು ಕೆಲವೇ ನಿಮಿಷಗಳಲ್ಲಿ ಹೂಂ ಅನ್ನಬೇಕು, ಇಲ್ಲಾ ಉಹೂಂ ಅನ್ನಬೇಕು. ಹೂಂ ಅಂದರೆ ಆ ಸರದಿಯ ಬೆಲೆಯಲ್ಲಿ ರಿಯಾಯಿತಿ ಕಳೆದು ಉಳಿದದ್ದನ್ನು ತಮ್ಮ ಮುಂದಿನ ಪಿಕ್‌ಗಳಿಂದ ಒಂದೊಂದಾಗಿ ತೆತ್ತುಕೊಳ್ಳಬೇಕು. ಸಾಲದಿದ್ದರೆ ಮುಂದಿನ ವರ್ಷದ ಖಾತೆಗೆ ಸಾಲ. ಬಡ್ಡಿ ಇಲ್ಲ.

4ನೇ ಸರದಿಯ ಬಿಡ್ ಎಂದುಕೊಳ್ಳಿ. 2034ರಲ್ಲಿ ಶೇ 20 ಅಂದರೆ 407 ಕಳೆದರೆ 1627. ಈಗ 38, 40, 42, 44ನೇ ಪಿಕ್‌ಗಳನ್ನು ಒಟ್ಟಿಗೆ ಹಾಕಿ: 465, 429, 395, 362. ಮೊತ್ತ 1651. ಬಿಲ್ ತೀರಿ ಮೇಲೆ 24 ಉಳಿಯಿತು, ಅದಕ್ಕೂ ಪಟ್ಟಿಯ ಬಾಲದಲ್ಲೊಂದು ಪಿಕ್ ಬರುತ್ತಿತ್ತು. ಅಂದರೆ ಯಾರೂ ಕಣ್ಣೆತ್ತಿ ನೋಡದ ನಾಲ್ಕು ಚಿಲ್ಲರೆ ಪಿಕ್ ಕೊಟ್ಟು ದೇಶದ ಮೊದಲ ನಾಲ್ವರಲ್ಲಿ ಒಬ್ಬನನ್ನು ಮನೆಗೆ ಕರೆದುಕೊಂಡು ಹೋಗಬಹುದಿತ್ತು. ನಲವತ್ತರ ಆಚೀಚೆ ಸಿಗುವ ನಾಲ್ಕು ಹುಡುಗರು ಸೇರಿದರೂ ಕಾಲಿಂಗ್‌ವುಡ್ ಕ್ಲಬ್ಬಿನ ತಾರೆ ಒಬ್ಬ ನಿಕ್ ಡೇಕಾಸ್ ಆಗುವುದಿಲ್ಲ ಎಂಬುದು ಮೈದಾನದಲ್ಲಿ ಬಿಸಿ ಪೈ ಮಾರುವವನಿಗೂ ಗೊತ್ತು. ಕೋಷ್ಟಕಕ್ಕೆ ಮಾತ್ರ ಗೊತ್ತಿರಲಿಲ್ಲ.

ಕೋಷ್ಟಕದ ಮೂಲೆಯಲ್ಲಿ ಇನ್ನೊಂದು ರತ್ನವಿತ್ತು. ಮೊದಲ ಸುತ್ತು ಮುಗಿದ ಮೇಲೆ ಶೇಕಡಾವಾರು ಇಲ್ಲ, ಸಾರಾಸಗಟು 197 ಪಾಯಿಂಟು ಕಡಿತ. 57ನೇ ಪಿಕ್‌ನ ಬೆಲೆಯೇ 182. ಸೀರೆ 182 ರೂಪಾಯಿ, ರಿಯಾಯಿತಿ 197. ನ್ಯಾಯವಾಗಿ ಅಂಗಡಿಯವನೇ 15 ರೂಪಾಯಿ ಕೈಗಿಟ್ಟು ಕಳಿಸಬೇಕಿತ್ತು. ಅದೊಂದು ವಿಷಯದಲ್ಲಿ ಲೀಗು ಜಿಪುಣತನ ತೋರಿತು ಅಂತಲೇ ಹೇಳಬೇಕು.

ಡೇಕಾಸ್ ಹೆಸರು ಬಂತಲ್ಲ. ಅಪ್ಪ ಪೀಟರ್ ಕಾಲಿಂಗ್‌ವುಡ್ಡಿಗೆ 250 ಪಂದ್ಯ ಆಡಿದವರು. ಮಗ 2021ರಲ್ಲಿ ಬರುತ್ತಾನೆ ಎಂದು ಊರಿಗೆಲ್ಲ ಗೊತ್ತಿತ್ತು. ಹೀಗಿರುವಾಗ ಆ ವರ್ಷದ ಮೊದಲ ಸುತ್ತಿನ ಪಿಕ್ ಎಂಬ ದೊಡ್ಡ ನೋಟನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ದಡ್ಡತನ: ಬಿಡ್ ಮುಂಚೆಯೇ ಬಂದರೆ ನೋಟು ಪೂರ್ತಿ ಗುಳುಂ. ಅದಕ್ಕೇ ಕಾಲಿಂಗ್‌ವುಡ್ 2020ರಲ್ಲೇ ಅದನ್ನು ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಮಾರಿಬಿಟ್ಟಿತು. ಮುಂದಿನ ಋತುವಿನಲ್ಲಿ ಕಾಲಿಂಗ್‌ವುಡ್ 18ರಲ್ಲಿ 17ನೇ ಸ್ಥಾನಕ್ಕೆ ಕುಸಿದು, ಮಾರಿದ ನೋಟು 2ನೇ ಪಿಕ್ ಆಗಿ ಅರಳಿತು. ಬೇರೆ ಯಾವ ತಂಡವಾದರೂ ಎದೆ ಬಡಿದುಕೊಳ್ಳುತ್ತಿತ್ತು. ಇವರು ಚಿಲ್ಲರೆ ಎಣಿಸಿಕೊಂಡು ಕೂತಿದ್ದರು. ಗೋಲ್ಡ್ ಕೋಸ್ಟ್ 4ನೇ ಸರದಿಯಲ್ಲಿ ಹೆಸರು ಹೇಳಿತು, ಇವರು ಹೂಂ ಅಂದರು, 2023ರಲ್ಲಿ ಕಪ್ ಗೆದ್ದರು. ಅಪ್ಪನ 35ನೇ ನಂಬರಿನ ಅಂಗಿ ಮಗನ ಮೈಮೇಲೆ. ಎಂಥ ಭಾವುಕ ದೃಶ್ಯ! ಕಣ್ಣೀರು ಒರೆಸಿಕೊಳ್ಳಲು ಕರವಸ್ತ್ರ ಬೇಕು, ಪಕ್ಕದಲ್ಲೊಂದು ಕ್ಯಾಲ್ಕುಲೇಟರೂ ಬೇಕು.

ಇಷ್ಟಾದರೂ ಇದು ಹಳೆಯ ಕಾಲಕ್ಕಿಂತ ವಾಸಿ ಎನ್ನುವವರಿದ್ದಾರೆ. ನಿಜ. ಆಗ ಲೆಕ್ಕವೇ ಇರಲಿಲ್ಲ, ಯಾವ ಮಗನಾದರೂ ಮೂರನೇ ಸುತ್ತಿನ ಒಂದು ಪಿಕ್. ತೂಕ ಇಲ್ಲ, ತಕ್ಕಡಿ ಇಲ್ಲ, ಗುಡ್ಡೆಗೆ ಇಷ್ಟು. ಗೀಲಾಂಗ್ ಕ್ಲಬ್ 2001ರಲ್ಲಿ ಗ್ಯಾರಿ ಎಬ್ಲೆಟ್ ಮಗ ಗ್ಯಾರಿ ಎಬ್ಲೆಟ್‌ನನ್ನು 40ನೇ ಪಿಕ್‌ಗೆ ಒಯ್ದಿತು. 2006ರಲ್ಲಿ ಟಾಮ್ ಹಾಕಿನ್ಸ್ ಎಂಬ ಆನೆಮರಿಯನ್ನು 41ಕ್ಕೆ ಹೊಡೆದುಕೊಂಡು, ಹಾಗೇ ಉಳಿದಿದ್ದ 7ನೇ ಪಿಕ್‌ನಲ್ಲಿ ಜೋಯಲ್ ಸೆಲ್‌ವುಡ್‌ನನ್ನೂ ಚೀಲಕ್ಕೆ ಹಾಕಿಕೊಂಡಿತು. ಮರುವರ್ಷದ ಫೈನಲ್ ಗೆದ್ದದ್ದು 119 ಅಂಕಗಳ ಅಂತರದಿಂದ. ಅದೇ ವರ್ಷ ಲೀಗಿನವರಿಗೆ ಜ್ಞಾನೋದಯವಾಗಿ ಬಿಡ್ ಪದ್ಧತಿ ಬಂತು.

ಈ ನಿಯಮಕ್ಕೊಂದು ಸ್ಥಳಪುರಾಣವೂ ಇದೆ, ಅದನ್ನು ಯಾರೂ ಹಂಗಿಸುವ ಹಾಗಿಲ್ಲ. ಮೆಲ್ಬರ್ನ್ ಕ್ಲಬ್ಬಿನ ರಾನ್ ಬರಾಸಿ 1941ರಲ್ಲಿ ಟೋಬ್ರೂಕ್‌ನಲ್ಲಿ ಯುದ್ಧದಲ್ಲಿ ತೀರಿಕೊಂಡರು. 1949ರಲ್ಲಿ ನಿಯಮ ಬಂತು, ಅದರಡಿಯಲ್ಲಿ ಅಪ್ಪನ ಹೆಸರನ್ನೇ ಹೊತ್ತ ಮಗ ಅಪ್ಪನ ಕ್ಲಬ್ಬಿಗೇ ಬಂದ, ಕೋಚ್ ನಾರ್ಮ್ ಸ್ಮಿತ್ ಮನೆಯ ಹಿತ್ತಿಲಲ್ಲಿ ಉಳಿದುಕೊಂಡು ಆಡಿದ, ಆರು ಕಪ್ ಗೆದ್ದ. ಲೀಗಿನ ವಕೀಲರು ಇವತ್ತಿಗೂ ಇದೇ ಫೋಟೋ ಮುಂದೆ ಹಿಡಿಯುತ್ತಾರೆ. ಫೋಟೋದ ಹಿಂಬದಿಯನ್ನು ಮಾತ್ರ ತಿರುಗಿಸುವುದಿಲ್ಲ. ಅಪ್ಪ ಬರಾಸಿ ಆಡಿದ್ದು 58 ಪಂದ್ಯ. ಇವತ್ತಿನ ಕೌಂಟರಿನಲ್ಲಿ ಅರ್ಜಿ ಹಾಕಿದರೆ, 'ಇನ್ನೂ 42 ಬೇಕಿತ್ತಲ್ಲ' ಎಂದು ಗುಮಾಸ್ತ ವಾಪಸ್ ಕಳಿಸುತ್ತಿದ್ದ. ಮಗನೋ, 1965ಕ್ಕೆ ಪ್ರತಿಸ್ಪರ್ಧಿ ಕಾರ್ಲ್‌ಟನ್‌ಗೆ ಕ್ಯಾಪ್ಟನ್-ಕೋಚ್ ಆಗಿ ಹೊರಟೇ ಹೋದ.

ಗೆರೆ ನೂರಕ್ಕೇ ಯಾಕೆ ಎಂದು ಕೇಳಬಾರದು. ಹಿಂದೆ 50 ಇತ್ತು. ಆ ಕಾಲದಲ್ಲಿ ಬ್ರಯನ್ ಬ್ರೌನ್ ಎಂಬವರು ಫಿಟ್ಜ್‌ರಾಯ್‌ಗೆ 51 ಆಡಿ ಗೆರೆ ದಾಟಿದ್ದರು. ಆ ಕ್ಲಬ್ 1996ರಲ್ಲಿ ಬ್ರಿಸ್ಬೇನ್ ಜತೆ ವಿಲೀನವಾಯಿತು, ಮುಳುಗಿದ ಬ್ಯಾಂಕಿನ ಠೇವಣಿ ಹೊಸ ಬ್ಯಾಂಕಿನಲ್ಲಿ ನಗದಾಯಿತು: ಮಗ ಜೊನಾಥನ್ ಬ್ರೌನ್ ಬ್ರಿಸ್ಬೇನ್‌ಗೆ ಹೋಗಿ ಮೂರು ಕಪ್ ಗೆದ್ದ. ಇತ್ತ ಅಡಿಲೇಡ್‌ನಲ್ಲಿ ಬ್ರೈಸ್ ಗಿಬ್ಸ್‌ನ ಅಪ್ಪ ಸ್ಥಳೀಯ ಲೀಗಿನಲ್ಲಿ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದ್ದರೂ, ನಿಯಮ ಲೆಕ್ಕಕ್ಕೆ ಹಿಡಿಯುವ ಅವಧಿಯೊಳಗೆ ಅಂಥವರಿಗೆ ಬೇಕಿದ್ದ ಇನ್ನೂರು ತುಂಬಿರಲಿಲ್ಲವಂತೆ. ಹುಡುಗ 2006ರ 1ನೇ ಪಿಕ್ ಆಗಿ ಕಾರ್ಲ್‌ಟನ್ ಪಾಲು. ಅದೇ ರಾತ್ರಿ ಹಾಕಿನ್ಸ್ 41ಕ್ಕೆ ಗೀಲಾಂಗ್ ಪಾಲು. ನಮ್ಮಲ್ಲಿ ವಂಶಪಾರಂಪರ್ಯ ಶಾನುಭೋಗಿಕೆ, ಪಟೇಲಿಕೆ ರದ್ದಾಗಿ ಅರವತ್ತು ವರ್ಷ ದಾಟಿತು. ಅಲ್ಲಿ ಉಂಬಳಿ ಉಳಿದುಕೊಂಡದ್ದೂ ಅಲ್ಲದೆ, ಯಾವ ಸರ್ವೆ ನಂಬರಿಗೆ ಎಷ್ಟು ಗುಂಟೆ ಎಂದು ವರ್ಷ ವರ್ಷ ಪೋಡಿ ಮಾಡುತ್ತಿದ್ದಾರೆ.

2011ರಲ್ಲಿ ಗೋಲ್ಡ್ ಕೋಸ್ಟ್, 2012ರಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ಲೀಗಿಗೆ ಬಂದವು. ಇವರ ನೂರು ಆಟದ ಅಪ್ಪಂದಿರ ಮಕ್ಕಳು ಈಗ ಹಾಲುಹಲ್ಲು ಬೀಳಿಸಿಕೊಳ್ಳುತ್ತಿರಬೇಕು. ಇನ್ನು ಮುಂದೆ ಇಂಥ ಕ್ಲಬ್ಬಿನ ಕೋಚ್ ತಂಡ ಆರಿಸುವಾಗ ಮೊಣಕಾಲು ನೋಡಿದರೆ ಸಾಲದು. 97 ಆಟ ಮುಗಿಸಿ ಕುಂಟುತ್ತಿರುವವನಿಗೆ ಮನೆಯಲ್ಲಿ ಗಂಡುಮಗು ಇದೆಯೇ, ಅದು ಎಡಗಾಲಿನಲ್ಲೂ ಒದೆಯುತ್ತದೆಯೇ ಎಂದು ವಿಚಾರಿಸಿ ಇನ್ನು ಮೂರು ಪಂದ್ಯ ಹೇಗಾದರೂ ಆಡಿಸಬೇಕು.

ನಮ್ಮವರು ಹತಾಶರಾಗಬೇಕಿಲ್ಲ. ಬೇರೆ ಸಂಸ್ಕೃತಿಯ ಮನೆಗಳ ಮಕ್ಕಳಿಗೆಂದೇ ಕ್ಲಬ್ಬುಗಳಲ್ಲಿ 'ನೆಕ್ಸ್ಟ್ ಜನರೇಷನ್ ಅಕಾಡೆಮಿ' ಇದೆ, ಅಲ್ಲಿ ಬೆಳೆದ ಹುಡುಗನ ಮೇಲೂ ಕ್ಲಬ್ಬಿಗೆ ಮೊದಲ ಹಕ್ಕು. ಅಪ್ಪ ಏಷ್ಯಾದಲ್ಲಿ ಹುಟ್ಟಿದ್ದರೆ ಅದೇ ಅರ್ಹತೆ. ಹಾಗಾಗಿ ಮೆಲ್ಬರ್ನಿನ ಕನ್ನಡಿಗ ಅಪ್ಪ ಒಂದು ಪಂದ್ಯವನ್ನೂ ಆಡಬೇಕಾಗಿಲ್ಲ, ದಾವಣಗೆರೆಯಲ್ಲಿ ಹುಟ್ಟಿದ್ದರೆ ಸಾಕು. ಮಗ ಶನಿವಾರ ಟ್ಯೂಷನ್ ತಪ್ಪಿಸಿ ಮೈದಾನಕ್ಕೆ ಬಂದರೆ ಉಳಿದದ್ದು ನೋಡಿಕೊಳ್ಳಬಹುದು. ಸದ್ಯಕ್ಕೆ ಅಲ್ಲಿನವರಿಗೆ ಈ ಆಟದಿಂದ ಖಾತ್ರಿಯಾಗಿ ಸಿಗುತ್ತಿರುವುದು ಫೈನಲ್‌ನ ಹಿಂದಿನ ದಿನ, ಶುಕ್ರವಾರದ ಸರ್ಕಾರಿ ರಜೆ.

ತಮಾಷೆ ಬಿಡಿ. ಹುಡುಗರದ್ದು ತಪ್ಪಿಲ್ಲ, ಅವರು ಆಡುವುದೂ ಸೊಗಸಾಗಿಯೇ ಆಡುತ್ತಾರೆ. ಸಿಟ್ಟು ಬರುವುದು 'ಸಮಾನತೆ' ಎಂಬ ಪದ ಕೇಳಿದಾಗ. ವರ್ಷಗಟ್ಟಲೆ ತಳದಲ್ಲಿ ಕೊಳೆತ ತಂಡಕ್ಕೆ ಅಲ್ಲಿ ಸಿಗುವ ಒಂದೇ ಕೂಲಿ ಒಳ್ಳೆಯ ಪಿಕ್. ಜನ ಮಳೆಯಲ್ಲಿ ನೆನೆದು, ಸೋಲು ನೋಡಿ, ಮುಂದಿನ ವರ್ಷವೂ ಮೆಂಬರ್‌ಶಿಪ್ ಕಟ್ಟುವುದು ಆ ಒಂದು ಆಸೆಗೆ. ಸರದಿ ಬಂದಾಗ, ಆ ಹುಡುಗ ಬೇರೆಯವರಿಗೆ ಮೀಸಲು, ಹೆಸರು ಕೂಗಿ ಬೆಲೆ ಏರಿಸಿ ಕೊಡುವುದಷ್ಟೇ ನಿಮ್ಮ ಕೆಲಸ ಅನ್ನುತ್ತಾರೆ. ಉತ್ತರಾಧಿಕಾರ ಬೇಕಿದ್ದರೆ ಇಟ್ಟುಕೊಳ್ಳಿ, ಪೂರ್ತಿ ಬೆಲೆ ಕೊಡಿ. 2034 ಅಂದರೆ 2034. ಅಷ್ಟನ್ನು ಹೇಳಲು ಎಷ್ಟು ವರ್ಷ, ಎಷ್ಟು ಸಮಿತಿ!

ಇನ್ನು ರಕ್ತಸಂಬಂಧದ ನಿಷ್ಠೆ. ಜೋ ಡ್ಯಾನಿಹರ್‌ನ ಅಪ್ಪ ಆಂಟನಿ ಸಿಡ್ನಿಗೂ ನೂರು ದಾಟಿಸಿದ್ದರು, ಎಸೆಂಡನ್‌ಗೂ ನೂರು ದಾಟಿಸಿದ್ದರು. ಹುಡುಗನ ಮುಂದೆ ಎರಡು ಬಾಗಿಲು. 2012ರಲ್ಲಿ ಎಸೆಂಡನ್ ಬಾಗಿಲು ತಟ್ಟಿದ, ಕ್ಲಬ್ಬಿಗೆ ಹಬ್ಬ. 2020ರ ಕೊನೆಗೆ ಫ್ರೀ ಏಜೆಂಟ್ ಆಗಿ, ಅಂದರೆ ಒಪ್ಪಂದ ಮುಗಿದು ಬೇಕಾದ ಕ್ಲಬ್ಬಿಗೆ ಹೋಗುವ ಸ್ವಾತಂತ್ರ್ಯದಲ್ಲಿ, ಗಂಟುಮೂಟೆ ಕಟ್ಟಿ ಬ್ರಿಸ್ಬೇನ್ ಸೇರಿದ, 2024ರ ಕಪ್ಪನ್ನು ವಿಲ್ ಆಶ್‌ಕ್ರಾಫ್ಟ್ ಪಕ್ಕದಲ್ಲಿ ನಿಂತು ಎತ್ತಿ, ನಿವೃತ್ತನಾದ. ಎಸೆಂಡನ್ ಅಭಿಮಾನಿಗಳು ಅದನ್ನು ಟೀವಿಯಲ್ಲಿ ನೋಡಿದರು. ಅವರ ತಂಡ ಫೈನಲ್ಸ್ ಹಂತದಲ್ಲಿ ಒಂದು ಪಂದ್ಯ ಗೆದ್ದು ಆಗಲೇ ಇಪ್ಪತ್ತು ವರ್ಷವಾಗಿತ್ತು.